ಮಿಸ್ಟರ್ ಕಾರ್ಟರ್ ಅವರ ಹೊಟ್ಟೆ

ಹುಟ್ಟಿದವನಿಗೆ ಸಾವು ಒಂದೇ ಸಲ ಎಂದು ತಿಳಿದವರು ಹೇಳಿದ್ದಾರೆ. ತಿಳಿದವರು ಪುಲಿಕೇಶಿನಗರದ ಮಾಸ್ಕ್ ರೋಡಿನ ಬೇಕರಿಯ ಮಹಡಿ ಹತ್ತಿದವರಲ್ಲ. ನಾನು ಅಲ್ಲಿ ಒಂದು ಮಳೆಗಾಲವಿಡೀ ವಾರಕ್ಕೆ ಮೂರು ನಾಲ್ಕು ಸಲ ಸತ್ತಿದ್ದೇನೆ. ಇಲ್ಲವೇ ಇನ್ನೇನು ಸಾಯುತ್ತೀರಿ ಎಂದು ಬಹಳ ಮೃದುವಾದ ಇಂಗ್ಲಿಷಿನಲ್ಲಿ ಹೇಳಿಸಿಕೊಂಡಿದ್ದೇನೆ. ಪ್ರತಿ ಸಲವೂ ಕಣ್ಣೊರೆಸಿಕೊಂಡು ಕೆಳಗಿಳಿದು, ಒಂದು ವೆಜ್ ಪಫ್ ತಿಂದು, ಬಸ್ಸು ಹಿಡಿದು ಹಲಸೂರಿನ ಮನೆಗೆ ಊಟಕ್ಕೆ ಹೋಗಿದ್ದೇನೆ.

ಮೊನ್ನೆ ಅದೇ ಬೇಕರಿಗೆ ಹೋಗಿದ್ದೆ. ಗಲ್ಲಾದಲ್ಲಿದ್ದ ಹುಡುಗಿ ಬಿಸ್ಕತ್ತು ಕಟ್ಟುವ ಮುಂಚೆ ಕೈಗೆ ಸ್ಯಾನಿಟೈಸರ್ ಒತ್ತಿಕೊಂಡಳು. ಒಲೆಯಿಂದ ಆಗ ತಾನೆ ತೆಗೆದ ಬೆಣ್ಣೆ ಬಿಸ್ಕತ್ತಿನ ವಾಸನೆ, ಅದರೊಳಕ್ಕೆ ಸೂಜಿಯ ಹಾಗೆ ಹೊಕ್ಕ ಸ್ಪಿರಿಟ್ಟಿನ ವಾಸನೆ. ಎರಡೂ ಸೇರಿದ್ದೇ ತಡ, ನನ್ನ ಬಾಯಿಂದ ತಾನಾಗಿ "ಯೆಸ್ ಡಾಕ್ಟರ್, ಇಟ್ ಹರ್ಟ್ಸ್ ಹಿಯರ್" ಎಂದು ಹೊರಟಿತು. ಹುಡುಗಿ ಗಾಬರಿಯಾಗಿ "ಅಂಕಲ್, ಚೇರ್ ಕೊಡ್ಲಾ?" ಎಂದಳು. ಬೇಡವಮ್ಮ, ಹಳೇ ಕಾಯಿಲೆ ಎಂದೆ. ಹೊರಗೆ ಬಂದು ಮಹಡಿಯ ಕಡೆ ನೋಡಿದೆ. ಗ್ಲಾಡಿಸ್ ಮೇಡಂ ಅವರ ಬೋರ್ಡು ಇಲ್ಲ. ಈಗ ಅಲ್ಲಿ ಬೋಳುತಲೆಗೆ ಕೂದಲು ನೆಡುತ್ತಾರಂತೆ. ಒಂದು ಲೆಕ್ಕಕ್ಕೆ ಏಳಿಗೆಯೇ. ಅಲ್ಲಿ ನೆಡುವುದು ನಿಜವಾದ ತಲೆಯ ಮೇಲೆ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಗ್ಲಾಡಿಸ್ ಮೇಡಂ ಅವರ ಮಗ ನನ್ನ ಹತ್ತಿರ ಓದಿದ್ದ. ಮೇಡಂ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಬಹಳ ವರ್ಷ ಡಾಕ್ಟರಾಗಿ ದುಡಿದು, ಅಲ್ಲಿನ ಚಳಿ ಮೊಣಕಾಲಿಗೆ ಇಳಿದ ಮೇಲೆ ಹುಟ್ಟಿದ ಊರಿಗೆ ವಾಪಸಾದವರು. ಸುಮ್ಮನೆ ಕೂರುವ ಜಾತಿಯಲ್ಲ. ಬೇಕರಿಯ ಮೇಲೆ ಬಾಡಿಗೆ ಹಿಡಿದು, ಹಸಿರು ಪರದೆ ಇಳಿಬಿಟ್ಟು ಗೂಡುಗಳನ್ನು ಮಾಡಿ, ಗೂಡಿಗೊಂದು ಮಂಚ ಹಾಕಿ, ಇಂಗ್ಲೆಂಡಿಗೆ ಹೋಗುವ ಡಾಕ್ಟರುಗಳಿಗೆ ತರಬೇತಿ ಶುರು ಮಾಡಿದ್ದರು. ಒಂದು ದಿನ ರಸೆಲ್ ಮಾರುಕಟ್ಟೆಯಲ್ಲಿ ನಾನು ಬೀನ್ಸ್ ಆರಿಸುತ್ತಿದ್ದಾಗ ಹಿಂದಿನಿಂದ ಬಂದು, "ಸರ್, ನಿಮ್ಗೆ ಒಳ್ಳೇ ಇಂಗ್ಲಿಷ್ ಬರುತ್ತೆ, ಮುಖ ನೋಡಿದ್ರೆ ಪಾಪ ಅನ್ಸುತ್ತೆ. ನಮ್ ಸೆಂಟರ್‌ಗೆ ಪೇಷಂಟ್ ಆಗಿ ಬರ್ತೀರಾ?" ಎಂದು ಕೇಳಿದರು. ಅಷ್ಟು ವರ್ಷದ ಸೇವೆಯಲ್ಲಿ ನನ್ನ ಇಂಗ್ಲಿಷನ್ನು ಹೊಗಳಿದವರು ಅವರೊಬ್ಬರೇ. ಒಪ್ಪಿಕೊಂಡೆ.

ನಮ್ಮಲ್ಲಿ ಓದಿದ ಡಾಕ್ಟರು ಅಲ್ಲಿನ ಆಸ್ಪತ್ರೆಯಲ್ಲಿ ಸ್ಪೆಷಲಿಸ್ಟ್ ಆಗಿ ಸೇರಬೇಕಾದರೆ ಯಾವ ಯಾವ ಬಾಗಿಲು ದಾಟಬೇಕು ಎಂಬುದನ್ನು ಮೇಡಂ ಹೊಸ ತಂಡಕ್ಕೆಲ್ಲ ಮೊದಲ ದಿನವೇ ಹೇಳುತ್ತಿದ್ದರು. ಮೊದಲು ಇಂಗ್ಲಿಷ್ ಬರುತ್ತದೆಂದು ತೋರಿಸುವ ಪರೀಕ್ಷೆ. ಆಮೇಲೆ ವೈದ್ಯ ಬರುತ್ತದೆಂದು ತೋರಿಸುವ ಲಿಖಿತ ಪರೀಕ್ಷೆ. ಆಮೇಲೆ ಆ ದೇಶಕ್ಕೇ ಹೋಗಿ, ಮನುಷ್ಯರ ಜೊತೆ ಮಾತಾಡಲು ಬರುತ್ತದೆಂದು ತೋರಿಸುವ ಪರೀಕ್ಷೆ. ಆಮೇಲೆ ನೋಂದಣಿ, ಆಮೇಲೆ ಅರ್ಜಿ ಮೇಲೆ ಅರ್ಜಿ. ಅರ್ಜಿಗೆ ಬರುವ ಮೊದಲ ಪ್ರಶ್ನೆ: ನಮ್ಮ ದೇಶದಲ್ಲಿ ಕೆಲಸ ಮಾಡಿದ ಅನುಭವ ಇದೆಯೇ? ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಈಜು ಕಲಿತ ಮೇಲೆ ನೀರಿಗಿಳಿ ಎಂದ ಹಾಗೆ. ಅಲ್ಲಿನ ಶಸ್ತ್ರವೈದ್ಯರ ಪರೀಕ್ಷೆ ಕಟ್ಟಿ ಅಡ್ಡದಾರಿಯಲ್ಲಿ ಹೋಗುವವರೂ ಇದ್ದರು. ಆ ಅಡ್ಡದಾರಿ ಮುಖ್ಯ ರಸ್ತೆಗಿಂತ ಉದ್ದವೆಂದು ಅರ್ಧ ದಾರಿಯಲ್ಲಿ ತಿಳಿಯುತ್ತಿತ್ತು.

ಮನುಷ್ಯರ ಜೊತೆ ಮಾತಾಡುವ ಆ ಪರೀಕ್ಷೆಯೇ ನಮ್ಮ ಮಹಡಿಯ ಉದ್ಯಮ. ಎಂಟು ನಿಮಿಷಕ್ಕೊಮ್ಮೆ ಗಂಟೆ. ಗಂಟೆಗೊಬ್ಬ ಡಾಕ್ಟರು ಪರದೆ ಸರಿಸಿ ಒಳಗೆ ಬಂದು, ಹೆಸರು ಹೇಳಿ, ನಮ್ಮ ಹೆಸರು ಕೇಳಿ, ನಮ್ಮ ದುಃಖಕ್ಕೆ ಸ್ಪಂದಿಸಬೇಕು. ಸ್ಪಂದನೆಗೆ ಪ್ರತ್ಯೇಕ ಅಂಕ. ನನಗೆ ಕೆಮ್ಮು ಎಂದರೆ "ಐ ಆಮ್ ಸಾರಿ ಟು ಹಿಯರ್ ದಟ್." ನನ್ನ ಹೆಂಡತಿ ಸತ್ತಳೆಂದರೂ ಅದೇ. ನಾನು ಚೆನ್ನಾಗಿದ್ದೇನೆ ಎಂದಾಗಲೂ ಒಬ್ಬ ಹೃದ್ರೋಗ ತಜ್ಞರು ಅದನ್ನೇ ಹೇಳಿದ್ದರು. ಬರುತ್ತಿದ್ದವರು ಸಣ್ಣವರಲ್ಲ. ಎದೆ ಸೀಳಿ ಹೊಲಿದವರು, ಸರ್ಕಾರಿ ಆಸ್ಪತ್ರೆಯಲ್ಲಿ ಒಂದೇ ಹಗಲು ಊರಿಗೆ ಊರನ್ನೇ ನೋಡಿ ಕಳಿಸಿದವರು. ಅವರೆಲ್ಲ ಒಂದು ಮೂಲೆಯಲ್ಲಿ ನಿಂತು, ತಲೆಯನ್ನು ಎಷ್ಟು ವಾಲಿಸಿದರೆ ಕರುಣೆ, ಎಷ್ಟು ವಾಲಿಸಿದರೆ ಕುತ್ತಿಗೆ ಉಳುಕು ಎಂದು ಕನ್ನಡಿ ನೋಡಿಕೊಂಡು ಅಭ್ಯಾಸ ಮಾಡುತ್ತಿದ್ದರು.

ಇನ್ನು ಮುಖ್ಯ ನಿಯಮ. ಇಂಥ ಪರೀಕ್ಷೆಯ ರೋಗಿಗಳು ಬಾಡಿಗೆಯವರು, ಆರೋಗ್ಯವಂತರು. ಆದ್ದರಿಂದ ರೋಗ ಅವರ ಮೈಯಲ್ಲಿ ಇರುವುದಿಲ್ಲ. ಪರೀಕ್ಷಕರ ಕೈಯಲ್ಲಿರುವ ಕಾರ್ಡಿನಲ್ಲಿ ಇರುತ್ತದೆ. ಡಾಕ್ಟರು ರೋಗಿಯ ಹೊಟ್ಟೆಯನ್ನು ಶಾಸ್ತ್ರೋಕ್ತವಾಗಿ ಒತ್ತಬೇಕು. ನೋವಾದರೆ ಹೇಳಿ ಎನ್ನಬೇಕು. ಒತ್ತುವಾಗ ಮುಖ ನೋಡುತ್ತಿರಬೇಕು. ಮುಗಿದ ಮೇಲೆ ಪರೀಕ್ಷಕರ ಕಡೆ ತಿರುಗಬೇಕು. ಪರೀಕ್ಷಕರು ಕಾರ್ಡು ನೋಡಿ ಓದುತ್ತಾರೆ: ಹೊಟ್ಟೆ ಮೆದುವಾಗಿದೆ, ಗಂಟಿಲ್ಲ, ನಾರ್ಮಲ್. ಆಗ ಡಾಕ್ಟರು ಮತ್ತೆ ರೋಗಿಯ ಕಡೆ ತಿರುಗಿ, ತಾನೇ ಕಂಡುಹಿಡಿದ ಗತ್ತಿನಲ್ಲಿ, ಎಲ್ಲವೂ ನಾರ್ಮಲ್ ಎನ್ನಬೇಕು. ಕೈಗೆ ಏನು ಸಿಕ್ಕಿತು ಎಂಬುದಕ್ಕೆ ಅಂಕವಿಲ್ಲ. "ಲಿಸನ್, ಹ್ಯಾಂಡ್ ತಪ್ಪು ಹೇಳ್ಬಹುದು, ಕಾರ್ಡ್ ತಪ್ಪು ಹೇಳಲ್ಲ" ಎಂದು ಮೇಡಂ ದಿನಾ ಬೆಳಿಗ್ಗೆ ಮಂತ್ರದಂತೆ ಹೇಳುವರು.

ಈ ಮಂತ್ರವನ್ನು ಕಷ್ಟಪಟ್ಟು ಕಲಿತವಳು ಶಿವಲೀಲಾ. ಕಲಬುರಗಿ ಕಡೆಯವಳು, ಸರ್ಜನ್, ತಾಲ್ಲೂಕು ಆಸ್ಪತ್ರೆಯಲ್ಲಿ ಕರೆಂಟಿಲ್ಲದಾಗ ಮೊಬೈಲ್ ಬೆಳಕಿನಲ್ಲಿ ಹೊಟ್ಟೆ ತೆರೆದು ಮುಚ್ಚಿದ ಕೈ ಅವಳದು. ಹಿಂದಿನ ವರ್ಷ ಇಂಗ್ಲೆಂಡಿಗೆ ಹೋಗಿ ಆ ಪರೀಕ್ಷೆ ಬರೆದು ಬಂದಿದ್ದಳು. ಬರೆದು ಅನ್ನುವುದು ತಪ್ಪು, ಆಡಿ ಬಂದಿದ್ದಳು. ಅಲ್ಲಿ ರೋಗಿಯಾಗಿ ಕೂತಿದ್ದ ನಟನಿಗೆ ತಲೆನೋವಿನ ಪಾತ್ರ. ಇವಳಿಗೋ, ಅವನು ಮಂಚ ಹತ್ತಿದ ರೀತಿಯಲ್ಲೇ ತೊಡೆಸಂದಿನಲ್ಲಿ ಹರ್ನಿಯಾ ಕಂಡುಬಿಟ್ಟಿತು. ತಲೆನೋವು ಬಿಟ್ಟು ಅದನ್ನು ವಿಚಾರಿಸಿಕೊಂಡು ಕೂತಳು. ಅವನು ಪಾಪ, ಪಾತ್ರ ಬಿಟ್ಟು, ಹೌದು ಡಾಕ್ಟರ್, ಎರಡು ವರ್ಷದಿಂದ ಇದೆ ಎಂದನಂತೆ. ಗಂಟೆ ಹೊಡೆಯಿತು. ಅವನ ಹರ್ನಿಯಾ ಉಳಿಯಿತು, ಇವಳು ಫೇಲಾದಳು.

"ಅವಂಗ ಖರೇನೇ ಇತ್ರೀ ಮೇಡಂ" ಎಂದು ಅವಳು ಅಲವತ್ತುಕೊಂಡಾಗ ಮೇಡಂ ಹೇಳಿದ್ದು: "ಖರೇ ಇದ್ರೆ ಅವ್ನು ಡಾಕ್ಟರ್ ಹತ್ರ ಹೋಗ್ಲಿ ಡಿಯರ್. ನೀನು ಡಾಕ್ಟರ್ ಅಲ್ಲ, ನೀನು ಕ್ಯಾಂಡಿಡೇಟ್."

ಶಿವಲೀಲಾ ಬಾಡಿಗೆಗೆ ಇದ್ದದ್ದು ಕೆ.ಆರ್. ಪುರದಲ್ಲಿ, ಮುನಿಯಪ್ಪನವರ ಕಟ್ಟಡದ ಮೇಲಿನ ಕೋಣೆಯಲ್ಲಿ. ಮುನಿಯಪ್ಪನವರು ಮಹದೇವಪುರದ ಹಳೇ ಒಕ್ಕಲು. ರಾಗಿ ಬೆಳೆದ ನೆಲದಲ್ಲಿ ಗಾಜಿನ ಕಟ್ಟಡ ಬೆಳೆದ ಮೇಲೆ ಸಿರಿವಂತರಾದವರು. ತೆಳ್ಳಗೆ ಬಿದಿರಿನ ಹಾಗಿದ್ದರು. ಇಬ್ಬರು ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಲ್ಲರೂ ಒಂದೇ ಕಟ್ಟಡದಲ್ಲಿ, ಎಲ್ಲರೂ ಮೊಬೈಲಿನಲ್ಲಿ. ಶಿವಲೀಲಾ ಮಾಡಿದ ಒಂದೇ ತಪ್ಪೆಂದರೆ, ಜೂನ್ ತಿಂಗಳ ಒಂದು ಭಾನುವಾರ ಅಭ್ಯಾಸಕ್ಕೆಂದು ಅವರನ್ನು ಕೂರಿಸಿಕೊಂಡು, ಕರುಣೆಯಿಂದ ತಲೆ ವಾಲಿಸಿ, "ಹೌ ಆರ್ ಯು ಫೀಲಿಂಗ್ ಟುಡೇ?" ಎಂದು ಕೇಳಿದ್ದು. ಅದಕ್ಕೆ ಕನ್ನಡದಲ್ಲಿ ಅರ್ಥ ಕೇಳಿ ತಿಳಿದುಕೊಂಡು ಮುನಿಯಪ್ಪನವರು, ಇನ್ನೊಂದು ಸಲ ಕೇಳಮ್ಮ ಎಂದರಂತೆ. ಮಾರನೆಯ ದಿನವೇ ಅವಳ ಹಿಂದೆ ಮೆಟ್ರೋ ಹತ್ತಿ ನಮ್ಮ ಸೆಂಟರಿಗೆ ಬಂದರು.

"ಕಾಸು ಗೀಸು ಬ್ಯಾಡ ತಾಯಿ, ಒಂದು ಮಂಚ ಕೊಡಿ ಸಾಕು" ಎಂದು ಮೇಡಂಗೆ ಕೈ ಮುಗಿದರು. ಇಂಗ್ಲಿಷ್ ಬಾರದವರಿಗೆ ಮಾತಿಲ್ಲದ ಪಾತ್ರ ಕೊಡಬೇಕಲ್ಲ, ಹೊಟ್ಟೆ ತೋರಿಸುವ ಪಾತ್ರ ಕೊಟ್ಟರು. ಕಾರ್ಡಿನಲ್ಲಿ ಆ ರೋಗಿಯ ಹೆಸರು ಮಿಸ್ಟರ್ ಕಾರ್ಟರ್. ಊರು ಇಂಗ್ಲೆಂಡಿನದು, ವೃತ್ತಿ ಲಾರಿ ಚಾಲಕ, ತೊಂದರೆ ಆಗಾಗ ಹೊಟ್ಟೆಯುಬ್ಬರ, ತಪಾಸಣೆಯಲ್ಲಿ ಎಲ್ಲವೂ ನಾರ್ಮಲ್. ಹೇಳಬೇಕಾದದ್ದು ನಾಲ್ಕು ಮಾತು. ನಾನೇ ಬಾಯಿಪಾಠ ಮಾಡಿಸಿದೆ. ವಾರದೊಳಗೆ ಮುನಿಯಪ್ಪನವರು "ಯೆಸ್ ಡಾಕ್ಟರ್, ನೋ ಡಾಕ್ಟರ್, ಲಿಟಲ್ ಗ್ಯಾಸ್ ಡಾಕ್ಟರ್, ಥ್ಯಾಂಕ್ಯೂ ಡಾಕ್ಟರ್" ಎಂಬುದನ್ನು ಗದ್ದೆಗೆ ನೀರು ಕಟ್ಟಿದಷ್ಟು ಸಲೀಸಾಗಿ ಹೇಳತೊಡಗಿದರು.

ನನ್ನ ಮಂಚ ಅವರ ಪಕ್ಕದ್ದು. ನಡುವೆ ಪರದೆ, ಪರದೆಗೆ ಮಾನ ಮುಚ್ಚುವಷ್ಟು ಅಗಲವಿರಲಿಲ್ಲ. ನಾನು ಸಕ್ಕರೆ ಕಾಯಿಲೆಯ ಪಾದ, ಖಿನ್ನತೆ, ಕ್ಯಾನ್ಸರ್ ಇತ್ಯಾದಿ ಮಾತಿನ ಪಾತ್ರಗಳನ್ನು ನಿಭಾಯಿಸುತ್ತಿದ್ದೆ. ಗಂಟೆ ಹೊಡೆದು ಮುಂದಿನ ಡಾಕ್ಟರು ಬರುವ ನಡುವೆ ಮುನಿಯಪ್ಪನವರು ಪರದೆಯಾಚೆಯಿಂದ ಕೇಳುವರು:

"ಮೇಷ್ಟ್ರೇ, ಇವತ್ತು ಎಷ್ಟು ಸಲ ಸತ್ರಿ?"

"ಎರಡು. ನಿಮ್ದು?"

"ನಂದೆಲ್ಲಾ ನಾರ್ಮಲ್. ಬೆಳಗ್ಗಿಂದ ಐದು ಜನ ಒತ್ತವ್ರೆ. ಐದೂ ನಾರ್ಮಲ್. ಮನೇಲಿ ಒಬ್ರಾದ್ರೂ ಉಂಡ್ಯಾ ಅಂತ ಕೇಳ್ತಾರಾ ಹೇಳಿ? ಇಲ್ಲಿ ನೋಡಿ, ಒತ್ತೋಕೆ ಮುಂಚೆ ಪರ್ಮಿಷನ್ ಕೇಳ್ತಾರೆ!"

ಜುಲೈನಲ್ಲಿ ಮಳೆ ಹಿಡಿಯಿತು. ಮಹದೇವಪುರದ ರಿಂಗ್ ರೋಡು ಕೆರೆಯಾಯಿತು. ಕ್ಯಾಬುಗಳು ಬಾತುಗಳಂತೆ ತೇಲಿದವು. ಒಂದು ಬೆಳಿಗ್ಗೆ ಮುನಿಯಪ್ಪನವರು ಮಗನ ಟ್ರ್ಯಾಕ್ಟರಿನ ಮೇಲೆ, ಲ್ಯಾಪ್‌ಟಾಪು ತಲೆಯ ಮೇಲೆ ಹೊತ್ತ ಇಂಜಿನಿಯರುಗಳ ನಡುವೆ ಕೂತು ಮೆಟ್ರೋ ಮುಟ್ಟಿ, ನೆಂದ ಪಂಚೆಯಲ್ಲೇ ಬಂದು ಮಿಸ್ಟರ್ ಕಾರ್ಟರ್ ಆದರು. "ಅದು ನಮ್ಮ ಕಟ್ಟೆ ಕೆಳಗಿನ ಗದ್ದೆ ಮೇಷ್ಟ್ರೇ. ನಾವು ಮಾರಿದ್ವಿ, ನೀರು ಮಾರಿಲ್ಲ. ಅದು ವಾಪಸ್ ಬಂದೈತೆ" ಎಂದು ನಕ್ಕರು. ನಗುವಾಗ ಕೆನ್ನೆಯಲ್ಲಿ ಹೊಸ ಗುಳಿ ಕಂಡಿತು. ತೆಳ್ಳಗಿದ್ದವರು ಇನ್ನೂ ತೆಳ್ಳಗಾಗಿದ್ದರು. ಟೀ ಜೊತೆ ಬರುವ ಪಫ್ಫನ್ನು ಮುರಿದು, ಒಳಗಿನ ಪಲ್ಯ ನೋಡಿ, ಹಾಗೇ ಇಡುತ್ತಿದ್ದರು.

"ಮುನಿಯಪ್ಪನೋರೇ, ಒಂದ್ಸಲ ಡಾಕ್ಟ್ರಿಗೆ ತೋರ್ಸಿ" ಎಂದೆ.

ಅವರು ಮಂಚದ ಮೇಲೆ ಎದ್ದು ಕೂತು, ಸುತ್ತಲೂ ಬಿಳಿ ಕೋಟುಗಳನ್ನು ನೋಡಿ, ಗಟ್ಟಿಯಾಗಿ ನಕ್ಕರು. "ಕೇಳ್ರಪ್ಪೋ, ಮೇಷ್ಟ್ರು ನನಗೆ ಡಾಕ್ಟ್ರಿಗೆ ತೋರ್ಸು ಅಂತವ್ರೆ!" ಇಡೀ ಮಹಡಿ ನಕ್ಕಿತು. ನನಗೂ ನಗು ಬಂತು. ದೇಶದ ಯಾವ ಮಂತ್ರಿಯ ಹೊಟ್ಟೆಯನ್ನೂ ಆ ತಿಂಗಳು ಅಷ್ಟು ಜನ ತಜ್ಞರು ಮುಟ್ಟಿರಲಾರರು.

ಆಗಸ್ಟಿನಲ್ಲಿ ಶಿವಲೀಲಾಳ ಎರಡನೇ ಪರೀಕ್ಷೆ. ಹೊರಡುವ ಹಿಂದಿನ ದಿನ ಕೊನೆಯ ತಾಲೀಮು. ಈ ಸಲವೂ ಫೇಲಾದರೆ ತಾಲ್ಲೂಕು ಆಸ್ಪತ್ರೆಗೆ ವಾಪಸು ಹೋಗಬೇಕು. ಅಲ್ಲಿ ಅವಳು ಬಿಟ್ಟ ಜಾಗಕ್ಕೆ ಇನ್ಯಾರೋ ಬಂದಾಗಿತ್ತು. ಸರದಿಯಲ್ಲಿ ಬಂದ ಗೂಡು ಅವಳದೇ ಮನೆಯ ಮಾಲೀಕರದ್ದು. ಪರದೆ ಅರ್ಧ ಸರಿದಿತ್ತು. ನಾನು ಪಾದದ ಹುಣ್ಣಿನ ವೇಷದಲ್ಲಿ ಸಾಕ್ಸ್ ಕಳಚಿ ಕೂತಿದ್ದೆ, ಎಲ್ಲವೂ ಕಾಣುತ್ತಿತ್ತು.

ಅವಳು ಅನುಮತಿ ಕೇಳಿದಳು, ಕೈ ಉಜ್ಜಿಕೊಂಡಳು, ಹೊಟ್ಟೆಯ ಎಡಗಡೆಯಿಂದ ಶುರುಮಾಡಿ ಬಲಗಡೆ ಪಕ್ಕೆಯ ಕೆಳಗೆ ಬಂದಳು. ಅಲ್ಲಿ ಕೈ ನಿಂತಿತು. ಸ್ವಲ್ಪ ಮೇಲೆ ಹೋಯಿತು, ಮತ್ತೆ ಅಲ್ಲಿಗೇ ಬಂತು. ಮುನಿಯಪ್ಪನವರು ಸೀಲಿಂಗ್ ನೋಡುತ್ತ "ಲಿಟಲ್ ಗ್ಯಾಸ್ ಡಾಕ್ಟರ್" ಎಂದರು. ಅವಳ ತುದಿಬೆರಳುಗಳು ಕತ್ತಲೆಯಲ್ಲಿ ಬಾಗಿಲ ಚಿಲಕ ಹುಡುಕುವ ಹಾಗೆ ಆಡುತ್ತಿದ್ದವು.

"ಫೈಂಡಿಂಗ್ಸ್ ಕೇಳು" ಎಂದರು ಮೇಡಂ.

ಶಿವಲೀಲಾ ಅವರ ಕಡೆ ತಿರುಗಿದಳು. ಬಾಯಿ ತೆರೆದಳು.

"ಕಾರ್ಡ್ ಕೇಳು, ಡಿಯರ್" ಎಂದು ಮೇಡಂ ಕನ್ನಡಕ ಏರಿಸಿಕೊಂಡು ಓದಿದರು. ಹೊಟ್ಟೆ ಮೆದುವಾಗಿದೆ. ಗಂಟಿಲ್ಲ. ಲಿವರ್ ಕೈಗೆ ಸಿಗುವುದಿಲ್ಲ.

ಸಿಗುವುದಿಲ್ಲ ಎನ್ನುವಾಗ ಅದು ಅವಳ ಕೈಯಲ್ಲೇ ಇತ್ತು. ಗೋಡೆಯ ಗಡಿಯಾರ ನೋಡಿದಳು. ಕೈ ತೆಗೆದಳು. ಪಂಚೆಯನ್ನು ಸರಿಯಾಗಿ ಮುಚ್ಚಿದಳು, ಅದಕ್ಕೂ ಅಂಕವಿದೆ. ತಲೆಯನ್ನು ಎಷ್ಟು ಬೇಕೋ ಅಷ್ಟೇ ವಾಲಿಸಿ, "ಮಿಸ್ಟರ್ ಕಾರ್ಟರ್, ಐ ಆಮ್ ಹ್ಯಾಪಿ ಟು ಸೇ ಎವ್ರಿಥಿಂಗ್ ಈಸ್ ನಾರ್ಮಲ್" ಎಂದಳು. ಗಂಟೆ ಹೊಡೆಯಿತು. ಆ ಗೂಡಿನಲ್ಲಿ ಆ ವರ್ಷ ಪೂರ್ತಿ ಅಂಕ ಪಡೆದವಳು ಅವಳೊಬ್ಬಳೇ. ಮೇಡಂ ಎದ್ದು ನಿಂತು ಬೆನ್ನು ತಟ್ಟಿದರು.

ಮೆಟ್ಟಿಲಿಳಿಯುವಾಗ ಅವಳು ಮುನಿಯಪ್ಪನವರ ರಟ್ಟೆ ಹಿಡಿದಳು. "ಕಾಕಾ, ನಾಳೆನೇ ಒಂದು ಸ್ಕ್ಯಾನ್ ಮಾಡಸ್ರಿ. ಬಲಗಡಿ ಏನೋ ಗಟ್ಟಿ ಹತ್ತಲಕತ್ತದ."

"ಏನಮ್ಮಾ ಇದು ಅನ್ಯಾಯ! ಮೇಲೆ ಇಂಗ್ಲಿಷ್‌ನಾಗೆ ನಾರ್ಮಲ್, ಕೆಳಗೆ ಬಂದ್ರೆ ಕನ್ನಡದಾಗೆ ಸ್ಕ್ಯಾನಾ?"

"ಅದು ನಾಟಕ ಕಾಕಾ. ಇದು ಖರೇ."

"ಎರಡೂ ನೀನೇ ಹೇಳಿದ್ದಲ್ವಾ ಡಾಕ್ಟ್ರಮ್ಮ? ಮೇಲಿದ್ದಾಗ ನಿನ್ನ ಮುಖ ಬಲು ಧೈರ್ಯವಾಗಿತ್ತು. ಈಗ ನೋಡು, ಹೆದರ್ಕೊಂಡಿದ್ದೀಯ. ಪರೀಕ್ಷೆ ಭಯ ಅದು, ನನ್ನ ಹೊಟ್ಟೆ ಮೇಲೆ ಹಾಕಬ್ಯಾಡ." ಆಮೇಲೆ ಅವಳ ಮುಖ ನೋಡಿ ಸಮಾಧಾನ ಮಾಡಿದರು. "ಆಯ್ತು, ಪಾಸಾಗಿ ಬಾ. ನೀನೇ ಕರ್ಕೊಂಡು ಹೋಗು. ಅಲ್ಲಿವರೆಗೂ ಇಲ್ಲಿ ನೋಡೋರು ಇದ್ದೇ ಅವ್ರಲ್ಲ."

ಅವಳು ದೊಡ್ಡ ಮಗನಿಗೂ ಹೇಳಿದಳು. ಅವನು ಬೈಕು ಒರೆಸುತ್ತ, "ಅಪ್ಪಂಗೆ ದಿನಾ ಡಾಕ್ಟ್ರುಗಳೇ ಚೆಕ್ ಮಾಡ್ತಾರೆ ಮೇಡಂ, ಅವ್ರೇ ಊರೆಲ್ಲಾ ಹೇಳ್ಕೊಂಡು ಬರ್ತಾರೆ. ನಮ್ಗೂ ಆ ಅದೃಷ್ಟ ಇಲ್ಲ" ಎಂದನಂತೆ. ನಾನೂ ಒಂದೆರಡು ಸಲ ಹೇಳಿ ನೋಡಿದೆ. ಮುನಿಯಪ್ಪನವರು ಒಂದೇ ಪದದ ಉತ್ತರ ಕಲಿತಿದ್ದರು: "ನಾರ್ಮಲ್."

ಶಿವಲೀಲಾ ಪರೀಕ್ಷೆ ಮುಗಿಸಿ, ಅಲ್ಲಿನ ಪರಿಚಯದವರ ಆಸ್ಪತ್ರೆಯಲ್ಲಿ ಕೆಲವು ವಾರ ಸುಮ್ಮನೆ ನಿಂತು ನೋಡುವ ಅವಕಾಶ ಸಿಕ್ಕಿದ್ದರಿಂದ ಅಲ್ಲೇ ಉಳಿದಳು. ಹಾಗೆ ನಿಂತು ನೋಡುವುದನ್ನೂ ಅನುಭವವೆಂದು ಅರ್ಜಿಯಲ್ಲಿ ಬರೆಯಬಹುದಂತೆ. ಇತ್ತ ಹೊಸ ತಂಡ ಬಂತು. ಮಿಸ್ಟರ್ ಕಾರ್ಟರ್ ದಿನಾ ಹೊಟ್ಟೆ ಕೊಟ್ಟರು. ಹಸ್ತಗಳು ಬಂದವು, ಒತ್ತಿದವು, ಕಾರ್ಡಿನ ಕಡೆ ತಿರುಗಿದವು. ಕೆಲವು ಹಸ್ತಗಳು ಒಂದು ಕ್ಷಣ ತಡವರಿಸುವುದನ್ನು ನಾನು ಕಂಡೆನೆಂದು ಈಗ ಅನ್ನಿಸುತ್ತದೆ. ಆಗ ಕಂಡಿದ್ದೆನೋ, ಗೊತ್ತಿಲ್ಲ. ಸಾಯುವವನಿಗೆ ಪಕ್ಕದ ಮಂಚದ ಯೋಚನೆ ಕಡಿಮೆ.

ಗಣೇಶನನ್ನು ಬಿಟ್ಟ ಮೇಲೆ ಒಂದು ಮಧ್ಯಾಹ್ನ, ಬಹಳ ದಿನದ ಮೇಲೆ ಬಿಸಿಲು ಬಂದಿತ್ತು. ಮೇಡಂ ಕಿಟಕಿ ತೆರೆಸಿದರು. ಹುಬ್ಬಳ್ಳಿಯ ಒಬ್ಬ ಯುವ ಡಾಕ್ಟರು ಮುನಿಯಪ್ಪನವರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರೂಢಿಯಂತೆ, "ಈಸ್ ದೇರ್ ಜಾಂಡಿಸ್?" ಎಂದು ಮೇಡಂ ಅವರನ್ನು ಕೇಳಿದರು. ಮೇಡಂ ಕಾರ್ಡು ನೋಡಿ "ನೋ ಜಾಂಡಿಸ್" ಎಂದು ಓದಿದರು. ಡಾಕ್ಟರು ಆ ಅರಿಶಿನ ಬಣ್ಣದ ಕಣ್ಣುಗಳನ್ನೇ ನೋಡುತ್ತ "ನೋ ಜಾಂಡಿಸ್" ಎಂದು ಹೇಳಿ, ಮುಂದಿನ ಹೆಜ್ಜೆಗೆ ಹೋದರು. ಅವರು ಹೊಟ್ಟೆಗೆ ಕೈ ಇಡುವ ಹೊತ್ತಿಗೆ ಮೇಡಂಗೆ ಏನನ್ನಿಸಿತೋ, ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಕಾರ್ಡು ಬಿಟ್ಟು ಮೊದಲ ಸಲ ರೋಗಿಯನ್ನು ನೋಡಿದರು. ಆಮೇಲೆ ಗಂಟೆಯನ್ನು ಹೊತ್ತಿಗೆ ಮುಂಚೆಯೇ ಹೊಡೆದರು. ಅಂಥದ್ದು ಅದುವರೆಗೆ ಆಗಿರಲಿಲ್ಲ.

ಎಲ್ಲ ಗೂಡುಗಳಿಂದ ಡಾಕ್ಟರುಗಳು ಬಂದು ಮಂಚ ಸುತ್ತುವರಿದರು. ಮೇಡಂ ಹೊಟ್ಟೆ ಮುಟ್ಟಿದರು, ಸರಿದರು. ಒಬ್ಬರಾದ ಮೇಲೆ ಒಬ್ಬರು ಮುಟ್ಟಿದರು, ಸರಿದರು. ಯಾರೂ ಯಾರ ಕಡೆಯೂ ತಿರುಗಲಿಲ್ಲ. ಮುನಿಯಪ್ಪನವರು ಎಲ್ಲರ ಮುಖವನ್ನೂ ನೋಡಿದರು; ಅಷ್ಟು ಮುಖಗಳಲ್ಲಿ ಒಂದೂ ವಾಲಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರಿಗೆ ತಡೆಯಲಾಗದೆ, ಅಭ್ಯಾಸಬಲದಿಂದ, ಬಾಯಿಗೆ ಬಂದಿದ್ದು ಬಂದುಬಿಟ್ಟಿತು: "ಐ ಆಮ್ ಸಾರಿ ಟು ಹಿಯರ್ ದಟ್."

"ನಾನೇನೂ ಹೇಳೇ ಇಲ್ವಲ್ಲ ಡಾಕ್ಟ್ರೇ" ಎಂದರು ಮುನಿಯಪ್ಪನವರು. "ಇದು ನನ್ನ ಪಾಟೇ ಅಲ್ಲ. ಇದು ಮೇಷ್ಟ್ರ ಪಾಟು. ಪಕ್ಕದ ಮಂಚದ್ದು. ನಾನು ದಿನಾ ಕೇಳ್ತೀನಲ್ಲ. ಮೊದ್ಲು ನೀರು ಬೇಕಾ ಅಂತ ಕೇಳ್ಬೇಕು. ಆಮೇಲೆ ಮನೆಯವ್ರನ್ನ ಕರೀಲಾ ಅಂತ ಕೇಳ್ಬೇಕು. ನೀರು ಕೇಳೋದು ಮರ್ತ್ರಿ, ಮಾರ್ಕ್ಸ್ ಹೋಯ್ತು."

ಯಾರೋ ಓಡಿಹೋಗಿ ನೀರು ತಂದರು.

ಸ್ಕ್ಯಾನು ಶಿವಾಜಿನಗರದಲ್ಲಾಯಿತು. ಪಿತ್ತಕೋಶದಲ್ಲಿ ಹುಟ್ಟಿದ್ದು ಲಿವರಿಗೆಲ್ಲ ಹಬ್ಬಿತ್ತು. ಆ ವಾರವೇ ಶಿವಲೀಲಾ ವಾಪಸು ಬಂದಳು, ಪಾಸಾಗಿದ್ದಳು. ಅವಳು ತಂದ ಚಾಕಲೇಟು ಡಬ್ಬಿ ಇನ್ನೂ ಕೈಯಲ್ಲಿರುವಾಗಲೇ ಮಕ್ಕಳು, ನೀವೇ ಹೇಳಿ ಮೇಡಂ, ಅಪ್ಪ ನಿಮ್ಮ ಮಾತು ಕೇಳ್ತಾರೆ ಎಂದು ಅವಳನ್ನೇ ಮುಂದೆ ತಳ್ಳಿದರು. ನಾನು ನೋಡಲು ಹೋಗಿದ್ದೆ. ಅವಳು ಕುರ್ಚಿಯನ್ನು ಸರಿಯಾದ ದೂರಕ್ಕೆ ಎಳೆದುಕೊಂಡು ಕೂತಳು, ಕೈ ಜೋಡಿಸಿದಳು, ತಲೆ ವಾಲಿಸಿದಳು.

"ಐ ಆಮ್ ಅಫ್ರೇಡ್ ಇಟ್ ಈಸ್ ನಾಟ್ ದ ನ್ಯೂಸ್ ವಿ ವರ್ ಹೋಪಿಂಗ್ ಫಾರ್…"

"ಕನ್ನಡದಾಗೆ ಹೇಳಮ್ಮ."

ಅವಳಿಗೆ ಕನ್ನಡದಲ್ಲಿ ಬರಲಿಲ್ಲ. ಎರಡು ವರ್ಷ ಆ ಮಾತನ್ನು ಇಂಗ್ಲಿಷಿನಲ್ಲೇ ಉರುಹೊಡೆದಿದ್ದಳು. ಕೊನೆಗೆ ತಾಲ್ಲೂಕು ಆಸ್ಪತ್ರೆಯ ಕಾರಿಡಾರಿನಲ್ಲಿ ಹೇಳುತ್ತಿದ್ದ ಹಾಗೆ ಹೇಳಿಬಿಟ್ಟಳು: "ಕಾಕಾ, ಕ್ಯಾನ್ಸರ್ ಅದ. ಲಿವರ್ ಪೂರಾ ಹೋಗ್ಯಾದ. ಆಪರೇಷನ್ ಆಗೂದಿಲ್ಲ."

ಮುನಿಯಪ್ಪನವರು ಸ್ವಲ್ಪ ಹೊತ್ತು ಫ್ಯಾನು ನೋಡಿದರು. "ಇದಕ್ಕೆ ಎಷ್ಟು ಮಾರ್ಕ್ಸ್ ಬರುತ್ತೆ?" ಎಂದರು.

"ಸೊನ್ನೆ, ಕಾಕಾ."

"ಅದೇ ಅಂದ್ಕೊಂಡೆ."

ಕೆಳಗೆ ಬಂದಾಗ ನಾನು ಅವಳನ್ನು ಕೇಳಿದೆ: ಜೂನ್‌ನಲ್ಲೇ ಯಾರಾದರೂ ನೋಡಿದ್ದರೆ ಏನಾದರೂ ಆಗುತ್ತಿತ್ತೇ? "ಜೂನ್‌ದಾಗೇ ನೋಡೀವಲ್ರೀ ಸರ್" ಎಂದಳು. "ಎಲ್ಲಾರೂ ನೋಡೀವಿ."

ಇನ್ನು ಉಳಿದದ್ದು ಕೆಲಸ ಹುಡುಕುವುದು. ಅವಳು ದಿನಾ ಅರ್ಜಿ ಹಾಕಿದಳು. ದಿನಾ, ನಿಮ್ಮ ಆಸಕ್ತಿಗೆ ಧನ್ಯವಾದ ಎಂಬ ಉತ್ತರ ಬಂತು. ಅಕ್ಟೋಬರಿನಲ್ಲಿ ಒಂದು ಆಸ್ಪತ್ರೆಯವರು ವಿಡಿಯೋದಲ್ಲಿ ಸಂದರ್ಶನಕ್ಕೆ ಕರೆದರು. ಲಿವರ್ ಮತ್ತು ಪಿತ್ತಕೋಶದ ಶಸ್ತ್ರಚಿಕಿತ್ಸೆಯ ವಿಭಾಗ. ಇಂಥ ಸಂದರ್ಶನಗಳಲ್ಲಿ ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆಯೆಂದು ಮೇಡಂ ಮೊದಲೇ ಹೇಳಿದ್ದರು: ರೋಗಿಯ ಹಿತಕ್ಕೆ ಧಕ್ಕೆಯಾಗುವುದನ್ನು ಕಂಡು ನೀವು ದನಿಯೆತ್ತಿದ ಒಂದು ಪ್ರಸಂಗ ಹೇಳಿ. ಉತ್ತರಕ್ಕೂ ಒಂದು ಅಚ್ಚು ಇದೆ. ಪರಿಸ್ಥಿತಿ ಏನಿತ್ತು, ನಿಮ್ಮ ಹೊಣೆ ಏನು, ನೀವು ಮಾಡಿದ್ದೇನು, ಫಲ ಏನು. ನಾಲ್ಕು ಮೆಟ್ಟಿಲು.

ಅಭ್ಯಾಸಕ್ಕೆ ಇಂಗ್ಲಿಷ್ ತಿದ್ದುವವನಾಗಿ ನನ್ನನ್ನು ಕರೆದಿದ್ದಳು. ಮೇಲಿನ ಕೋಣೆಯ ಮುಂದೆ ತಾರಸಿ. ಬಿಸಿಲು ಬೀಳಲೆಂದು ಮುನಿಯಪ್ಪನವರ ಮಂಚವನ್ನು ಬೆಳಗಿನ ಹೊತ್ತು ಅಲ್ಲಿ ಹಾಕುತ್ತಿದ್ದರು. ಮೈ ಪೂರ್ತಿ ಹಳದಿ, ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿ. ನಾನು ಇಂಗ್ಲೆಂಡಿನವನ ಗಂಟಲಲ್ಲಿ ಪ್ರಶ್ನೆ ಕೇಳಿದೆ. ಅವಳು ಶುರುಮಾಡಿದಳು. ತರಬೇತಿಯ ಹೊತ್ತಿನಲ್ಲಿ ಒಬ್ಬ ಸ್ವಯಂಸೇವಕರ ಹೊಟ್ಟೆಯಲ್ಲಿ ಅನಿರೀಕ್ಷಿತವಾಗಿ ಗಡ್ಡೆ ಗಮನಿಸಿದೆ. ಹಿರಿಯರು ನಾರ್ಮಲ್ ಎಂದರೂ ನನ್ನ ಅನುಮಾನವನ್ನು ಸೂಕ್ತ ರೀತಿಯಲ್ಲಿ ಮುಂದಿಟ್ಟೆ. ಮುಂದಿಟ್ಟದ್ದು ಸೆಂಟರಿನ 'ಮೆಟ್ಟಿಲ ಮೇಲೆ' ಎಂಬುದು ಮೊದಲ ಸಲ ಬಂತು, ಎರಡನೇ ಸಲಕ್ಕೆ ಹೋಯಿತು. ನಾನು ಒಂದೆರಡು ಕಡೆ ಕ್ರಿಯಾಪದ ತಿದ್ದಿದೆ. ಆಕಾರ ಚೆನ್ನಾಗಿ ಬರುತ್ತಿತ್ತು. ನಾಲ್ಕನೇ ಮೆಟ್ಟಿಲಿಗೆ ಬಂದು ನಿಂತಳು.

ಮಂಚದಿಂದ ಸಣ್ಣ ದನಿ ಬಂತು. "ಅದು ನನ್ನ ಕತೆ ಅಲ್ವಾ ಡಾಕ್ಟ್ರಮ್ಮ?"

ಅವಳು ಎದ್ದು ಹೊರಗೆ ಹೋದಳು. "ಹೌದು ಕಾಕಾ. ಬ್ಯಾಡಂದ್ರ ಬಿಡ್ತೀನಿ. ಬ್ಯಾರೆ ಯಾವುದರ ಹೇಳ್ತೀನಿ."

"ಯಾಕೆ ಬಿಡ್ತೀಯ? ನನ್ನ ಹೊಟ್ಟೆ ಊರೆಲ್ಲಾ ನೋಡೈತೆ, ಅವ್ರೂ ಕೇಳ್ಲಿ. ಕೊನೇಲಿ ನಾನು ಏನಾಗ್ತೀನಿ ಅದ್ರಾಗೆ?"

"ಪೇಷಂಟ್‌ನ ತಕ್ಷಣ ತಜ್ಞರ ಹತ್ರ ಕಳಿಸಿದ್ರು, ಚಿಕಿತ್ಸಾ ಶುರುವಾಯ್ತು ಅಂತ…"

"ಸಪ್ಪೆ ಆಯ್ತಮ್ಮ ಅದು." ಉಸಿರು ತಗೊಂಡರು. "ಸತ್ತ ಅಂತ ಹಾಕು. ನಾನು ಹೇಳ್ದೆ, ಯಾರೂ ಕೇಳ್ಲಿಲ್ಲ, ಸತ್ತೋದ ಅಂತ. ಅದಕ್ಕೆ ಕರುಣೆ ಬರುತ್ತೆ. ಮೇಷ್ಟ್ರೇ, ನೀವೇ ಹೇಳಿ, ಇಷ್ಟು ದಿನ ಸತ್ತಿದ್ದೀರಲ್ಲ, ಸತ್ರೆ ತಾನೇ ಮಾರ್ಕ್ಸು?"

ನಾನು ಹೌದೆಂದೆ. ಮೇಷ್ಟ್ರಾದವನು ಸರಿಯುತ್ತರವನ್ನು ತಪ್ಪೆನ್ನಬಾರದು.

ಅವಳು ಒಳಗೆ ಬಂದು ಕೂತು, ಫಲದಲ್ಲಿ ರೋಗಿಯನ್ನು ಭೂತಕಾಲಕ್ಕೆ ತಿದ್ದಿಕೊಂಡಳು. ಹೊರಗಿನ ಮಂಚದವರು ಅಭ್ಯಾಸವನ್ನು ಮೂರು ಸಲ ಪೂರ್ತಿ ಕೇಳಿಸಿಕೊಂಡು, ಮೂರನೆಯದಕ್ಕೆ "ಥ್ಯಾಂಕ್ಯೂ ಡಾಕ್ಟರ್" ಎಂದರು.

ಸಂದರ್ಶನ ಮಾಡಿದವರಲ್ಲಿ ಒಬ್ಬರು ಆ ಉತ್ತರ ಕೇಳಿ ಕಣ್ಣೊರೆಸಿಕೊಂಡರಂತೆ. ಇಂಥ ಪ್ರಾಮಾಣಿಕತೆ ಅಪರೂಪ ಎಂದು ಹೇಳಿದರಂತೆ. ಆ ವಿಷಯ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ನಾನೂ ಪಫ್ಫಿನ ಒಳಗಿನ ಪಲ್ಯ ನೋಡುತ್ತಿದ್ದೆ. ಗ್ಲಾಡಿಸ್ ಮೇಡಂ ಅದಾದ ಮೇಲೆ ಒಂದು ಹೊಸ ನಿಯಮ ಮಾಡಿದರು: ಹೊಟ್ಟೆಯ ಪಾತ್ರಕ್ಕೆ ಇನ್ನು ಮುಂದೆ ರಬ್ಬರಿನ ಬೊಂಬೆ. ಬೊಂಬೆಯ ಬಲಪಕ್ಕೆಯ ಕೆಳಗೆ ಮೆದುವಾಗಿತ್ತು, ಕಾರ್ಡಿಗೆ ಸರಿಯಾಗಿತ್ತು.

ಮುನಿಯಪ್ಪನವರು ದೀಪಾವಳಿಗೆ ಮುಂಚೆ ತೀರಿಕೊಂಡರು. ಶಿವಲೀಲಾಗೆ ಕೆಲಸ ಸಿಕ್ಕಿತು.